ಗ್ರೈಮ್ಸ್ ಸಿಟ್ಟಾಗಬೇಕಿದ್ದದ್ದು ಯಾರ ಮೇಲೆ?

'ದ ಸಿಂಪ್ಸನ್ಸ್' 1989ರಿಂದ ಪ್ರಸಾರವಾಗುತ್ತಿರುವ ಅಮೆರಿಕದ ಅನಿಮೇಷನ್ ಹಾಸ್ಯ ಧಾರಾವಾಹಿ. 1997ರಲ್ಲಿ ಬಂದ ಅದರ 'ಹೋಮರ್ಸ್ ಎನಿಮಿ' ಕಂತನ್ನು ಪದವಿ ಓದುವಾಗ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆ. ಸಂಶೋಧನೆಯ ಐದನೇ ವರ್ಷದಲ್ಲಿ ಮತ್ತೆ ನೋಡಿದಾಗ ಅಷ್ಟು ಸಲೀಸಾಗಿ ನಗು ಬರಲಿಲ್ಲ.

ಫ್ರಾಂಕ್ ಗ್ರೈಮ್ಸ್ ಬಾಲ್ಯದಲ್ಲೇ ಹೆತ್ತವರು ತೊರೆದುಹೋದ ಹುಡುಗ. ಅಂಚೆ ಮೂಲಕ ಅಣುವಿಜ್ಞಾನ ಕಲಿತು, ಹೋಮರ್ ಸಿಂಪ್ಸನ್ ಇರುವ ಅಣುಸ್ಥಾವರದಲ್ಲಿ ಕೆಲಸಕ್ಕೆ ಸೇರುತ್ತಾನೆ. ಹೋಮರ್ ಶುದ್ಧ ಸೋಮಾರಿ. ಆದರೂ ಅವನಿಗೆ ದೊಡ್ಡ ಮನೆ, ತುಂಬಿದ ಸಂಸಾರ. ಗ್ರೈಮ್ಸ್‌ಗೆ ಎರಡೆರಡು ಉದ್ಯೋಗ ಮಾಡಿದರೂ ಒಂದೇ ಕೋಣೆ. ಈ ಅನ್ಯಾಯ ಸಹಿಸಲಾಗದೆ ಅವನ ತಲೆ ಕೆಡುತ್ತದೆ. ಹೋಮರ್‌ನನ್ನು ಅಣಕಿಸುತ್ತ ಹೈವೋಲ್ಟೇಜ್ ತಂತಿ ಹಿಡಿದು ಸಾಯುತ್ತಾನೆ.

ವ್ಯಂಗ್ಯಚಿತ್ರದ ಲೋಕಕ್ಕೆ ವಾಸ್ತವದ ಮನುಷ್ಯನೊಬ್ಬ ಬಂದರೆ ಏನಾದೀತು ಎಂಬ ಪ್ರಯೋಗವಾಗಿ ಈ ಕಂತನ್ನು ಸಾಮಾನ್ಯವಾಗಿ ಓದುತ್ತಾರೆ. ಆ ಓದು ಸರಿಯೇ. ಆದರೆ ಅದರಲ್ಲಿ ಒಬ್ಬ ಮುಖ್ಯ ವ್ಯಕ್ತಿ ತಪ್ಪಿಸಿಕೊಳ್ಳುತ್ತಾನೆ: ಸ್ಥಾವರದ ಮಾಲೀಕ ಬರ್ನ್ಸ್.

ಟಿವಿಯಲ್ಲಿ ಗ್ರೈಮ್ಸ್‌ನ ಕಷ್ಟದ ಕಥೆ ನೋಡಿ ಕಣ್ಣೀರಿಟ್ಟು, ಅವನಿಗೆ ದೊಡ್ಡ ಹುದ್ದೆ ಕೊಡಲು ಹೊರಡುವವನು ಬರ್ನ್ಸ್. ಮರುದಿನ ಸಾಹಸಿ ನಾಯಿಯೊಂದರ ಸುದ್ದಿ ನೋಡಿ ಆ ಹುದ್ದೆಯನ್ನು ನಾಯಿಗೆ ಕೊಡುವವನೂ ಅವನೇ. ಹೋಮರ್ ಗೊತ್ತಿಲ್ಲದೆ ಆಮ್ಲ ಕುಡಿಯಹೊರಟಾಗ ಗ್ರೈಮ್ಸ್ ಅದನ್ನು ಕೈಯಿಂದ ಹೊಡೆದು ಬೀಳಿಸುತ್ತಾನೆ. ಜೀವ ಉಳಿಸಿದವನಿಗೆ ಗೋಡೆ ಹಾಳುಮಾಡಿದ್ದಕ್ಕಾಗಿ ಸಂಬಳ ಕಡಿತ! ಇಷ್ಟೆಲ್ಲ ಆದಮೇಲೂ ಗ್ರೈಮ್ಸ್‌ನ ಸಿಟ್ಟು ಮಾಲೀಕನತ್ತ ತಿರುಗುವುದಿಲ್ಲ, ಪಕ್ಕದ ಮೇಜಿನವನ ಮೇಲೆ ಬೀಳುತ್ತದೆ.

ಈ ಕುರುಡುತನ ನನಗೆ ಪರಿಚಿತ. ಫೆಲೋಶಿಪ್ ತಿಂಗಳುಗಟ್ಟಲೆ ತಡವಾದಾಗ ನಾನು ಹೊಟ್ಟೆಕಿಚ್ಚುಪಟ್ಟದ್ದು ಹಣ ತಡೆದ ವ್ಯವಸ್ಥೆಯ ಮೇಲಲ್ಲ, ಕಡಿಮೆ ಓದಿಯೂ ನೆಮ್ಮದಿಯಾಗಿದ್ದ ಗೆಳೆಯನ ಮೇಲೆ.

ಬರಹಗಾರ ಜಾನ್ ಸ್ವಾರ್ಟ್ಸ್‌ವೆಲ್ಡರ್ ಇದನ್ನೆಲ್ಲ ಕಂಡಿದ್ದಾರೆ. ಬರ್ನ್ಸ್‌ನ ದೃಶ್ಯಗಳೇ ಅದಕ್ಕೆ ಸಾಕ್ಷಿ. ಆದರೆ ಕಂತು ಮುಂದೆ ಸಾಗಿದಂತೆ ಆ ಎಳೆಯನ್ನು ಕೈಬಿಟ್ಟು, ಇಬ್ಬರು ನೌಕರರ ಜಗಳವನ್ನಷ್ಟೇ ಬೆಳೆಸುತ್ತದೆ. ಅದು ಈ ಕಂತಿನ ಮಿತಿ. ಕೊನೆಗೆ ಶವಸಂಸ್ಕಾರದಲ್ಲಿ ಹೋಮರ್ ತೂಕಡಿಸುತ್ತ ಏನೋ ಕನವರಿಸುತ್ತಾನೆ, ನೆರೆದವರೆಲ್ಲ ನಗುತ್ತಾರೆ. ಮೊದಲ ಸಲ ಅವರೊಂದಿಗೆ ನಾನೂ ನಕ್ಕಿದ್ದೆ. ಈ ಸಲ ಶವಪೆಟ್ಟಿಗೆಯ ಕಡೆ ನೋಡಿದೆ.