ದೀಪದ ಸುತ್ತ ಕೆಂಪಂಚು

ಇಲ್ಫೋರ್ಡ್ ಹೆಸರಿನ ಕಪ್ಪು-ಬಿಳುಪು ಫಿಲ್ಮುಗಳನ್ನು ತಯಾರಿಸುವ ಇಂಗ್ಲೆಂಡಿನ ಹಾರ್ಮನ್ ಕಂಪನಿ 2023ರ ಡಿಸೆಂಬರಿನಲ್ಲಿ ತಂದ ಬಣ್ಣದ ಫಿಲ್ಮ್ ಫೀನಿಕ್ಸ್ 200. ಪ್ರಯೋಗವೆಂದೇ ಹೇಳಿಕೊಂಡು ಬಂದ ಈ ಫಿಲ್ಮ್ ದಿನನಿತ್ಯದ ಚಿತ್ರಗಳಿಗೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ವಾದ. ಮಾಮೂಲಿ ನೆಗೆಟಿವ್‌ನ ಕಿತ್ತಳೆ ಛಾಯೆ ಇದರಲ್ಲಿಲ್ಲ. ಫಿಲ್ಮಿನ ಪದರಗಳನ್ನು ದಾಟಿದ ಬೆಳಕು ಹಿಂದಿನಿಂದ ಮರಳಿ ಹರಡಿ, ಬೀದಿದೀಪದ ಸುತ್ತ, ಬಿಸಿಲು ಬಿದ್ದ ಕಿಟಕಿಯ ಅಂಚಿನಲ್ಲಿ ಕೆಂಪು ಪ್ರಭೆ ಮೂಡಿಸುತ್ತದೆ. ನೆರಳು ಬೇಗ ಕಪ್ಪಾಗುತ್ತದೆ, ಗ್ರೇನ್ ದಪ್ಪ.

ಇದು ದೋಷವಲ್ಲವೇ ಎನ್ನಬಹುದು. ಮದುವೆ ಆಲ್ಬಮ್ಮಿಗೆ ಖಂಡಿತ ದೋಷವೇ. ಆದರೆ ಚಹಾ ಲೋಟ, ಒಣಹಾಕಿದ ಬಟ್ಟೆ, ಬಸ್‌ನಿಲ್ದಾಣದ ಬಣ್ಣಗಳು ನಮಗೆ ಬಾಯಿಪಾಠವಾಗಿವೆ, ನೋಡಿಯೂ ನೋಡುವುದಿಲ್ಲ. ಫೀನಿಕ್ಸ್ ಅವುಗಳ ಮೇಲೆ ಬಿದ್ದ ಬೆಳಕನ್ನೇ ಎತ್ತಿ ತೋರಿಸುತ್ತದೆ. ಫೋನಿನ ಫಿಲ್ಟರಿಗೂ ಇದು ಸಾಧ್ಯವೆಂಬ ಮಾತಿದೆ. ಆದರೆ ಫಿಲ್ಟರ್ ಚಿತ್ರ ತೆಗೆದ ಮೇಲೆ ಹಚ್ಚುವಂಥದ್ದು. ಇಲ್ಲಿ ಕ್ಲಿಕ್ಕಿಸುವ ಮುನ್ನವೇ ನೆರಳನ್ನು ಉಳಿಸಬೇಕೋ ಬಿಡಬೇಕೋ ಎಂದು ತೀರ್ಮಾನಿಸಬೇಕು.