ಬಾಷೊ ಕವಿಯ ಶರತ್ ಯಾತ್ರೆ

ಪ್ರವಾಸದ ಏರ್ಪಾಟೂ ಒಂದು ರಚನೆಯೆ. ಯಾವ ಊರು ಮೊದಲು, ಯಾವುದು ಅನಂತರ, ಎಲ್ಲಿ ಎಷ್ಟು ದಿನ ಎಂದು ಗೊತ್ತುಮಾಡುವವನು ಅರಿತೋ ಅರಿಯದೆಯೋ ಪ್ರಬಂಧಕಾರನ ಕೆಲಸಕ್ಕೆ ಕೈಹಾಕಿರುತ್ತಾನೆ. ಆದ್ದರಿಂದ ಕಾವ್ಯವನ್ನು ಅಳೆಯುವ ಔಚಿತ್ಯದ ಅಳತೆಗೋಲನ್ನು ಅದಕ್ಕೂ ಹಿಡಿದು ನೋಡುವುದು ತಪ್ಪಲ್ಲ. ಶರತ್ಕಾಲದಲ್ಲಿ ಜಪಾನನ್ನು ನೋಡಬೇಕೆಂದು ಹೊರಡುವವರ ಪಟ್ಟಿಯನ್ನೇ ತೆಗೆದುಕೊಳ್ಳಿ. ಟೋಕಿಯೋ, ಕನಜಾವಾ, ಕ್ಯೋಟೋ ಎಂಬ ದೊಡ್ಡ ಹೆಸರುಗಳು. ಅವುಗಳ ಸಂದಿನಲ್ಲಿ ಒಂದೆರಡು ಸದ್ದಿಲ್ಲದ ಸಣ್ಣ ಊರು, ಒಂದೊಂದು ರಾತ್ರಿಗೆ. ಈ ಸಣ್ಣ ಊರಿಗೆ ರಚನೆಯಲ್ಲಿ ಇರುವ ಸ್ಥಾನವೇನು? ದಣಿದ ಕಾಲಿಗೆ ಮಣೆಯಾಗುವುದಷ್ಟೇ ಅದರ ಕೆಲಸವೆ?

ಈ ಪ್ರಶ್ನೆಗೆ ಉತ್ತರ ಹುಡುಕುವವರು ಮತ್ಸುವೊ ಬಾಷೊ ಕವಿಯ ‘ಓಕು ನೋ ಹೊಸೊಮಿಚಿ’ಯನ್ನು ಓದಬೇಕು. ‘ಒಳನಾಡಿನ ಕಿರುದಾರಿ’ ಎಂದು ಹೆಸರನ್ನು ಕನ್ನಡಿಸಬಹುದು. 1689ರ ವಸಂತದ ಕೊನೆಯಲ್ಲಿ, ಇಂದು ಟೋಕಿಯೋ ಎನಿಸಿರುವ ಎಡೋ ನಗರವನ್ನು ಬಿಟ್ಟು, ಶಿಷ್ಯ ಸೋರಾನೊಡನೆ ಕವಿ ಉತ್ತರಕ್ಕೆ ನಡೆದ. ಶರತ್ಕಾಲದಲ್ಲಿ ಓಗಾಕಿ ಎಂಬ ಊರು ಸೇರಿದ. ಸುಮಾರು ಐದು ತಿಂಗಳು, ಹತ್ತಿರಹತ್ತಿರ 2,400 ಕಿಲೋಮೀಟರಿನ ದಾರಿ. ಗದ್ಯದ ನಡುವೆ ಹೈಕುಗಳನ್ನು ಹೆಣೆದ ಈ ಸಣ್ಣ ಪುಸ್ತಕವನ್ನು ವರ್ಷಗಟ್ಟಲೆ ತಿದ್ದಿ, ಬಾಷೊ 1694ರಲ್ಲಿ ತೀರಿಕೊಂಡ. ಅದು ಅಚ್ಚಾದದ್ದು 1702ರಲ್ಲಿ.

ದಿನಗಳ ಲೆಕ್ಕವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಜಪಾನಿನ ಮೂರು ಪರಮ ಸುಂದರ ದೃಶ್ಯಗಳಲ್ಲಿ ಒಂದೆನಿಸಿದ ಮತ್ಸುಶಿಮಾ ಕೊಲ್ಲಿಗೆ ಸಂದದ್ದು ಒಂದೇ ರಾತ್ರಿ. ಅಲ್ಲಿ ಕವಿ ತನ್ನದೊಂದು ಪದ್ಯವನ್ನೂ ಪುಸ್ತಕಕ್ಕೆ ಸೇರಿಸಲಿಲ್ಲ. ಕುರೊಬಾನೆ ಎಂಬ ಸಣ್ಣ ಊರಿಗೋ ಸುಮಾರು ಎರಡು ವಾರ. ಒಬಾನಜಾವಾದಲ್ಲಿ ಕುಸುಬೆ ಹೂವಿನ ವ್ಯಾಪಾರಿ ಸೈಫೂ ಎಂಬವನ ಆತಿಥ್ಯದಲ್ಲಿ ಹತ್ತು ದಿನ. ಸೈಫೂ ವ್ಯಾಪಾರಕ್ಕಾಗಿ ಆಗಾಗ ಕ್ಯೋಟೋಗೆ ಹೋಗಿಬರುತ್ತಿದ್ದವನು. ದಾರಿ ನಡೆದವನ ಕಷ್ಟ ಬಲ್ಲವನು.

ಒಬಾನಜಾವಾದಲ್ಲಿ ಹೀಗೆ ಇದ್ದಾಗ ಅಲ್ಲಿಯ ಜನ ಹೇಳಿದರು, ಬೆಟ್ಟದ ಮೇಲಿನ ರ‍್ಯುಶಾಕುಜಿ ದೇವಾಲಯವನ್ನು ನೋಡದೆ ಹೋಗಬೇಡಿ ಎಂದು. ಅದು ಕವಿಯ ದಾರಿಯಲ್ಲಿರಲಿಲ್ಲ. ಸುಮಾರು 27 ಕಿಲೋಮೀಟರು ಬೇರೆ ದಿಕ್ಕಿಗೆ ತಿರುಗಬೇಕಾಗಿತ್ತು. ತಿರುಗಿದ. ಬಂಡೆಯೊಳಕ್ಕೆ ಇಳಿಯುವ ಜೀರುಂಡೆಯ ದನಿಯನ್ನು ಕುರಿತ ಹೈಕು, ಅವನ ಅತ್ಯಂತ ಪ್ರಸಿದ್ಧ ಪದ್ಯಗಳಲ್ಲೊಂದು, ಹುಟ್ಟಿದ್ದು ಅಲ್ಲಿ. ಸಣ್ಣ ಊರಿನ ಬಿಡಾರದ ಔಚಿತ್ಯವಿರುವುದು ಇಲ್ಲಿಯೆ ಎಂದು ನನ್ನ ಅಭಿಪ್ರಾಯ. ಅಲ್ಲಿ ಇನ್ನೊಬ್ಬರು ನಮಗೆ ಒಂದು ಮಾತು ಹೇಳುವಷ್ಟು, ಆ ಮಾತಿಗೆ ನಾವು ದಾರಿ ಬದಲಿಸುವಷ್ಟು ಬಿಡುವಿರುತ್ತದೆ. ಒಂದು ರಾತ್ರಿಯ ತಂಗಲಿನಲ್ಲಿ ಊರು ಶಾಂತವಾಗಿ ಕಂಡೀತು, ನಿಜ. ಆದರೆ ಅದು ನಮ್ಮೊಡನೆ ಇನ್ನೂ ಮಾತಾಡಿಲ್ಲದ್ದರಿಂದ ಬಂದ ಶಾಂತಿ.

‘ಮೇಘದೂತ’ವನ್ನು ಬಲ್ಲ ವಾಚಕರಿಗೆ ಒಂದು ಹೋಲಿಕೆ ಹೊಳೆಯದೆ ಇರದು. ಅಲ್ಲಿ ಯಕ್ಷನೂ ಮೋಡಕ್ಕೆ ಪ್ರಯಾಣದ ಕ್ರಮವನ್ನು ಹಾಕಿಕೊಡುತ್ತಾನೆ. ಯಾವ ಬೆಟ್ಟದಲ್ಲಿ ದಣಿವಾರಿಸಿಕೊಳ್ಳಬೇಕೆಂದೂ ಹೇಳುತ್ತಾನೆ. ಆದರೆ ನೇರದಾರಿ ಬಿಟ್ಟು ಬಳಸಿ ಹೋಗೆಂದು ಅವನು ಒತ್ತಾಯಿಸುವುದು ಉಜ್ಜಯಿನಿಯ ಸೌಧಗಳಿಗಾಗಿ. ಕಾಳಿದಾಸನ ದಾರಿ ನಗರದ ಕಡೆಗೆ ಬಾಗುತ್ತದೆ. ಬಾಷೊವಿನದು ಬೆಟ್ಟದ ಗುಡಿಯ ಕಡೆಗೆ. ಎರಡೂ ರಸಿಕರ ದಾರಿಗಳೆ.

ಪುಸ್ತಕದ ಶರತ್ಕಾಲದ ಭಾಗ ಇನ್ನೂ ಗಂಭೀರವಾದದ್ದು. ಕನಜಾವಾ ದೊಡ್ಡ ಪಟ್ಟಣ. ಅಲ್ಲಿ ಕವಿ ಒಂಬತ್ತು ದಿನ ಇದ್ದ. ಅಲ್ಲಿ ಅವನನ್ನು ಎದುರುಗೊಂಡದ್ದು ಇಶ್ಶೋ ಎಂಬ ಕವಿ ಹಿಂದಿನ ಚಳಿಗಾಲದಲ್ಲೇ ಸತ್ತನೆಂಬ ಸುದ್ದಿ. ಕೊಮಾತ್ಸುವಿನಲ್ಲಿ, ನರೆಗೂದಲಿಗೆ ಬಣ್ಣ ಹಚ್ಚಿಕೊಂಡು 1183ರ ಯುದ್ಧಕ್ಕೆ ಹೋಗಿ ಮಡಿದ ಮುದುಕ ಸಾನೆಮೋರಿಯ ಶಿರಸ್ತ್ರಾಣವನ್ನು ನೋಡಿದ. ಯಮನಾಕಾದ ಬಿಸಿನೀರಿನ ಬುಗ್ಗೆಯ ಬಳಿ, ಹೊಟ್ಟೆಯ ಬೇನೆಯಿಂದ ನರಳುತ್ತಿದ್ದ ಸೋರಾ ಅವನನ್ನು ಬಿಟ್ಟು ಮುಂದೆ ಹೋದ. ತ್ಸುರುಗಾದಲ್ಲಿ ಹುಣ್ಣಿಮೆಯ ಚಂದ್ರನನ್ನು ನೋಡಬೇಕೆಂಬುದು ಕವಿಯ ಬಹುದಿನದ ಸಂಕಲ್ಪ. ಹಿಂದಿನ ರಾತ್ರಿ ತಿಳಿಬೆಳಕು, ಹುಣ್ಣಿಮೆಯಂದೇ ಮಳೆ. ಆ ಮಳೆಯೂ ಒಂದು ಹೈಕುವಾಯಿತು.

ಹೀಗೆಂದ ಮಾತ್ರಕ್ಕೆ ಪುಸ್ತಕವನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಸೋರಾನ ದಿನಚರಿ 1943ರಲ್ಲಿ ಪ್ರಕಟವಾದಾಗ, ಕವಿ ದಿನಗಳನ್ನೂ ಸಂಗತಿಗಳನ್ನೂ ಅಲ್ಲಲ್ಲಿ ಹಿಂದುಮುಂದು ಮಾಡಿದ್ದಾನೆಂದು ಗೊತ್ತಾಯಿತು. ಇಚಿಬುರಿಯ ವಸತಿಗೃಹದಲ್ಲಿ ಪಕ್ಕದ ಕೋಣೆಯ ಇಬ್ಬರು ವೇಶ್ಯೆಯರು ದಾರಿಯ ಜೊತೆ ಕೇಳಿದ ಪ್ರಸಂಗ ದಿನಚರಿಯಲ್ಲಿ ಇಲ್ಲವೇ ಇಲ್ಲ. ಕಲ್ಪಿತವೆಂದೇ ಹಲವು ವಿದ್ವಾಂಸರ ಮತ. ನನಗೆ ತೊಡಕೆನಿಸುವುದು ಕಲ್ಪನೆಯಲ್ಲ. ಆ ಹೆಂಗಸರನ್ನು ಕವಿ ಜೊತೆಗೆ ಕರೆದುಕೊಳ್ಳದೆ, ಮರುಕದ ಒಂದು ಪದ್ಯ ಬರೆದು ಮುಂದೆ ನಡೆಯುತ್ತಾನೆ. ಊರಿನವರು ಯಾತ್ರಿಕನ ರಸಾನುಭವಕ್ಕೆ ಒದಗುವ ಸಾಮಗ್ರಿಯಾಗಿಬಿಡುವ ಅಪಾಯ ಇಷ್ಟು ದೊಡ್ಡ ಕವಿಗೂ ತಪ್ಪಲಿಲ್ಲ. ‘ಸದ್ದಿಲ್ಲದ ಊರು ಬೇಕು’ ಎನ್ನುವ ನಮ್ಮ ಪಟ್ಟಿಗೆ ಇದು ಇನ್ನೂ ಹತ್ತಿರದ ಎಚ್ಚರಿಕೆ. ನಾವು ಬಯಸುವ ಮೌನ ಅಲ್ಲಿ ಬಾಳುವವರ ಬಯಕೆಯೂ ಆಗಿರಬೇಕೆಂದೇನಿಲ್ಲ.

ಇಂದು ಈ ಹಾದಿಯಲ್ಲಿ ರೈಲಿದೆ. ಟೋಕಿಯೋದಿಂದ ಬರುವ ವೇಗದ ರೈಲು 2015ರಲ್ಲಿ ಕನಜಾವಾ ಮುಟ್ಟಿತು. 2024ರ ಮಾರ್ಚಿಯಲ್ಲಿ ತ್ಸುರುಗಾವರೆಗೆ ಬಂತು. ಬಾಷೊ ಸುಮಾರು ಇಪ್ಪತ್ತು ದಿನ ಕಳೆದ ಕನಜಾವಾ–ತ್ಸುರುಗಾ ದಾರಿಯನ್ನು ಅದು ಒಂದು ಗಂಟೆಯೊಳಗೇ ದಾಟಿಸಬಲ್ಲುದು. ಅದೇ ರೈಲಿಗೆ ಕೊಮಾತ್ಸುವಿನಲ್ಲೂ ನಿಲ್ದಾಣವಿದೆ. ಯಮನಾಕಾಗೆ ಹೋಗುವವರು ಮುಂದಿನ ಕಾಗಾ ಓನ್ಸೆನ್‌ನಲ್ಲಿ ಇಳಿಯಬಹುದು. ತ್ಸುರುಗಾದಲ್ಲಿ ಗಾಡಿ ಬದಲಿಸಿದರೆ ಕ್ಯೋಟೋ ದೂರವಲ್ಲ. ಬಾಷೊ ಈ ಸೀಮೆಯಲ್ಲಿದ್ದದ್ದು ನಮ್ಮ ಲೆಕ್ಕಕ್ಕೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ. ಕ್ಯೋಟೋದ ಕೆಂಪೆಲೆಯ ಸಂಭ್ರಮವನ್ನೂ ಬಯಸುವವರು ನವೆಂಬರಿನ ಉತ್ತರಾರ್ಧಕ್ಕೆ ಕಾಯಬೇಕು.

ಪಟ್ಟಿ ಬರೆಯುವವರಿಗೆ ಈ ಪುಸ್ತಕದಿಂದ ಸಿಗುವ ಬುದ್ಧಿವಾದ ಸರಳವಾದದ್ದು. ನಗರಗಳಲ್ಲಿ ಒಂದನ್ನು ಕೈಬಿಟ್ಟು, ಆ ದಿನಗಳನ್ನು ಒಂದೇ ಸಣ್ಣ ಊರಿಗೆ ಕೊಡಬೇಕು. ಅಲ್ಲಿ ಕೊನೆಯ ಎರಡು ದಿನಗಳ ಮುಂದೆ ಏನನ್ನೂ ಬರೆಯದೆ ಬಿಡಬೇಕು. ಊರಿನವರು ಯಾರಾದರೂ ಒಂದು ಬೆಟ್ಟವನ್ನು ತೋರಿಸಿದರೆ ಹೋಗಿಬರಲು ಅಷ್ಟು ಸಾಕು.