ಲ್ಯಾಪ್‌ಟಾಪಿಗೆ ಕಾಯಂ ವಿಳಾಸ: ಬರೆಯುವುದೆಲ್ಲಿ?

ಮನೆಯ ಪ್ರಿಂಟರಿಗೆ ಬದಲಾಗದ ಐಪಿ ವಿಳಾಸ ಕೊಡುವುದರಲ್ಲಿ ತಕರಾರಿಲ್ಲ. ಅದು ಇಟ್ಟಲ್ಲೇ ಇರುತ್ತದೆ. ಲ್ಯಾಪ್‌ಟಾಪ್ ಹಾಗಲ್ಲ. ಬೆಳಿಗ್ಗೆ ಆಫೀಸು, ರಾತ್ರಿ ಮನೆ, ರಜೆಗೆ ಊರು. ಆದರೂ ಫೈಲ್ ಹಂಚಲಿಕ್ಕೋ ಇನ್ನೊಂದು ಕಂಪ್ಯೂಟರಿನಿಂದ ಲಾಗಿನ್ ಆಗಲಿಕ್ಕೋ ಅದಕ್ಕೂ ಕಾಯಂ ವಿಳಾಸ ಬೇಕೆನಿಸುತ್ತದೆ. ಆಗ ಬಹಳ ಜನ ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್ ತೆರೆದು 192.168.1.50 ಎಂದು ಕೈಯಾರೆ ತುಂಬಿಬಿಡುತ್ತಾರೆ. ಇದು ಸುಲಭ, ಆದರೆ ತಪ್ಪು ಜಾಗ.

ಆ ಅಂಕಿ ರೂಟರಿಗೆ ಗೊತ್ತೇ ಇರುವುದಿಲ್ಲ. ಅದು, ರೂಟರ್ ತಾನಾಗಿ ವಿಳಾಸ ಹಂಚುವ ಡಿಎಚ್‌ಸಿಪಿ ವ್ಯವಸ್ಥೆಯ ವ್ಯಾಪ್ತಿಯೊಳಗೇ ಬಿದ್ದರೆ, ಲ್ಯಾಪ್‌ಟಾಪ್ ಮುಚ್ಚಿಟ್ಟ ಹೊತ್ತಿನಲ್ಲಿ ಅದೇ ವಿಳಾಸ ಟೀವಿಯ ಪಾಲಾಗಬಹುದು. ಆಮೇಲೆ ಎರಡೂ ಸಂಪರ್ಕ ಕಳೆದುಕೊಂಡು ಒದ್ದಾಡುತ್ತವೆ. ಆಫೀಸಿನ ಜಾಲದ ವಿಳಾಸಗಳು 10ರಿಂದ ಶುರುವಾಗುತ್ತವೆ ಎನ್ನಿ: ವೈಫೈ ಸಿಕ್ಕಿದೆ ಎಂದು ತೋರುತ್ತದೆ, ಒಂದು ಪುಟವೂ ತೆರೆಯುವುದಿಲ್ಲ. ವೈಫೈಗೊಂದರಂತೆ ಬೇರೆ ಬೇರೆ ಸೆಟ್ಟಿಂಗ್ ಇಡುವ ಸೌಲಭ್ಯ ಈಚಿನ ವಿಂಡೋಸ್‌ನಲ್ಲಿದೆ, ನಿಜ. ಆದರೆ ಹಳೆಯ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅಡಾಪ್ಟರಿಗೆ ಬರೆದದ್ದು ಹೋದಲ್ಲೆಲ್ಲ ಬೆನ್ನಿಗೆ ಬರುತ್ತದೆ.

ಬರೆಯಬೇಕಾದದ್ದು ರೂಟರಿನ ‘ಅಡ್ರೆಸ್ ರಿಸರ್ವೇಶನ್’ ಪಟ್ಟಿಯಲ್ಲಿ. ಇದು ಯಾರೋ ಕಂಡುಕೊಂಡ ಅಡ್ಡದಾರಿಯಲ್ಲ. ಡಿಎಚ್‌ಸಿಪಿಯನ್ನು ವಿವರಿಸುವ 1997ರ ಮಾನದಂಡ ಆರ್‌ಎಫ್‌ಸಿ 2131 ಹೇಳುವ ಮೂರು ಹಂಚಿಕೆ ಕ್ರಮಗಳಲ್ಲೇ ಒಂದು. ಲ್ಯಾಪ್‌ಟಾಪ್ ಎಲ್ಲ ಕಡೆಯೂ ವಿಳಾಸ ಕೇಳಿ ಪಡೆಯುತ್ತದೆ, ಮನೆಯಲ್ಲಿ ಮಾತ್ರ ಪ್ರತಿಸಲವೂ ಅದೇ ಸಿಗುತ್ತದೆ.

ಇದಕ್ಕೂ ಹುಳುಕಿದೆ. ಪಟ್ಟಿ ನಿಂತಿರುವುದು ಪ್ರತಿ ಅಡಾಪ್ಟರಿನ ಗುರುತಾದ 48 ಬಿಟ್‌ಗಳ ಮ್ಯಾಕ್ ವಿಳಾಸದ ಮೇಲೆ. ವೈಫೈಗೆ ಒಂದು, ಕೇಬಲ್‌ಗೆ ಇನ್ನೊಂದು. ಕೇಬಲ್ ಚುಚ್ಚಿದೊಡನೆ ಲ್ಯಾಪ್‌ಟಾಪ್ ರೂಟರಿಗೆ ಅಪರಿಚಿತ. ಮೇಲಾಗಿ ಖಾಸಗಿತನಕ್ಕೆಂದು ಈಗ ಮ್ಯಾಕ್ ವಿಳಾಸವನ್ನೇ ಮರೆಮಾಚುವ ರೂಢಿ ಬಂದಿದೆ. ಮ್ಯಾಕ್‌ಬುಕ್‌ಗಳಿಗೆ ಇದು 2024ರ ಸೆಕ್ವೊಯಾ ಆವೃತ್ತಿಯೊಂದಿಗೆ ಬಂತು. ಗಾಬರಿಯಿಂದ ಈ ಸೌಲಭ್ಯವನ್ನು ಪೂರ್ತಿ ಆರಿಸಬೇಕಿಲ್ಲ: ಮನೆಯ ವೈಫೈಗೆ ‘ರೊಟೇಟಿಂಗ್’ ಬಿಟ್ಟು ‘ಫಿಕ್ಸೆಡ್’ ಆಯ್ದು, ಆಗ ಕಾಣುವ ಮ್ಯಾಕ್ ವಿಳಾಸವನ್ನೇ ಪಟ್ಟಿಗೆ ಹಾಕಿದರೆ ಸಾಕು. ರೂಟರ್ ಬದಲಾದ ದಿನ ಪಟ್ಟಿಯನ್ನು ಮತ್ತೆ ಮೊದಲಿನಿಂದ ತುಂಬಬೇಕು ಎಂಬುದು ಬೇರೆ ಮಾತು.

ಅಷ್ಟಕ್ಕೂ ಬಹುಪಾಲು ಮನೆಗಳಿಗೆ ಬೇಕಿರುವುದು ಅಂಕಿಯೇ ಅಲ್ಲ, ಹೆಸರು. ಲ್ಯಾಪ್‌ಟಾಪಿನ ಹೆಸರಿಗೆ ‘.ಲೋಕಲ್’ ಸೇರಿಸಿ ಕರೆದರೆ ಎಂಡಿಎನ್‌ಎಸ್ ಎಂಬ ವ್ಯವಸ್ಥೆ ಅದನ್ನು ಹುಡುಕಿಕೊಡುತ್ತದೆ. ಮ್ಯಾಕ್‌ಬುಕ್‌ನಲ್ಲಿ ಬಾಂಜೂರ್, ಲಿನಕ್ಸ್‌ನಲ್ಲಿ ಅವಾಹಿ ಮಾಡುವ ಕೆಲಸ ಇದೇ. ಒಂದೇ ಜಾಲದೊಳಗೆ ಮಾತ್ರ ನಡೆಯುತ್ತದೆ, ಗೆಸ್ಟ್ ವೈಫೈ ದಾಟುವುದಿಲ್ಲ. ಪೋರ್ಟ್ ಫಾರ್ವರ್ಡಿಂಗ್ ಅಥವಾ ಫೈರ್‌ವಾಲ್ ನಿಯಮ ಇದ್ದವರು ರಿಸರ್ವೇಶನ್ ಮಾಡಿಕೊಳ್ಳಿ. ಉಳಿದವರು ಮೊದಲು ಹೆಸರಿನಿಂದ ಕರೆದು ನೋಡಿ.